ಹ್ರಸ್ವ ಎಕಾರದ ಬೋಧನೆ: ಬಾಲಪಾಠಕ್ರಮದ ಒಂದು ವಿಮರ್ಶೆ

೧

ಮೊದಲ ಓದಿಗೆ ತೊಡಗಿದ ಮಕ್ಕಳಿಗೆ ಕನ್ನಡದ ಹ್ರಸ್ವ ಎಕಾರವನ್ನು ಕಲಿಸುವ ಕ್ರಮವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ವಿಷಯವು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಇತಿಹಾಸದ ಅಧ್ಯಾಪಕರಾದ ನಾವು ಒಂದನೆಯ ತರಗತಿಯ ಒಂದು ಸ್ವರವನ್ನು ಕುರಿತು ಬರೆಯಹೊರಟದ್ದೇಕೆಂದು ವಾಚಕರು ಕೇಳುವುದೂ ಸಹಜವೇ. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಈ ಸ್ವರದ ವಿಷಯದಲ್ಲಿ ಇಂದಿನ ಮಗುವಿಗೆ ಎದುರಾಗುವ ತೊಡಕು ನಮ್ಮ ಲಿಪಿಯ ಇತಿಹಾಸದಲ್ಲಿಯೇ ಇದೆ. ಶಾಸನಗಳನ್ನು ಓದಿದವರಿಗೆ ಅದು ಹೊಸದಲ್ಲ. ಎರಡನೆಯದು, ದಾವಣಗೆರೆ-ಹರಿಹರಗಳ ಸೀಮೆಯು ಕನ್ನಡದ ಎರಡು ಆಡುನುಡಿಗಳು ಕೂಡುವ ಎಡೆ. ಇಲ್ಲಿಯ ಮಗು ಮನೆಯಲ್ಲಿ ಆಡುವ ಸ್ವರವೂ ಪುಸ್ತಕದಲ್ಲಿ ಕಾಣುವ ಸ್ವರವೂ ಅನೇಕ ವೇಳೆ ಒಂದೇ ಆಗಿರುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಮಗುವಿಗೆ ಅಕ್ಷರ ಹತ್ತಲಿಲ್ಲವೆಂದು ತೀರ್ಮಾನಿಸುವುದು ಸುಲಭ. ಓದಿನ ಹೊಸ್ತಿಲಲ್ಲಿಯೇ ಅಂಥ ತೀರ್ಮಾನಕ್ಕೆ ಗುರಿಯಾದ ಮಗು ಮುಂದೆ ಶಾಲೆಯಲ್ಲಿ ಉಳಿಯುವುದೋ ಇಲ್ಲವೋ ಎಂಬುದು ಅಲ್ಪವಾದ ಪ್ರಶ್ನೆಯಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹ್ರಸ್ವ ಎಕಾರವು ಮಗುವಿನ ಕಿವಿಗಾಗಲಿ ನಾಲಗೆಗಾಗಲಿ ಕಷ್ಟವಾದುದಲ್ಲ. ಅದನ್ನು ಪದದಿಂದ ಬಿಡಿಸಿ, ಒಂಟಿ ಅಕ್ಷರವನ್ನಾಗಿ ಮಾಡಿ, ವರ್ಣಮಾಲೆಯ ಸಾಲಿನಲ್ಲಿ ನಿಲ್ಲಿಸಿ ಕಲಿಸುವ ಪದ್ಧತಿಯೇ ಅದನ್ನು ಕಷ್ಟಕ್ಕೆ ತಂದಿದೆ. ಹ್ರಸ್ವತ್ವವೆಂಬುದು ದೀರ್ಘದ ಪಕ್ಕದಲ್ಲಿ ಮಾತ್ರ ತಿಳಿಯುವ ಗುಣ. ಆದುದರಿಂದ ಮೊದಲು ಪದ, ಆಮೇಲೆ ಪದಗಳ ಜೋಡಿ, ಕಡೆಯಲ್ಲಿ ಚಿಹ್ನೆ ಎಂಬ ಕ್ರಮವೇ ಯುಕ್ತವೆಂದು ನಾವು ಭಾವಿಸುತ್ತೇವೆ. ಎಕಾರದ ಬಗೆಗೆ ಹೇಳುವ ಮಾತು ಬಹುಮಟ್ಟಿಗೆ ಹ್ರಸ್ವ ಒಕಾರಕ್ಕೂ ಸಲ್ಲುತ್ತದೆ.

೨

ಕನ್ನಡ ಲಿಪಿಯ ಮೂಲ ಬ್ರಾಹ್ಮಿ. ಅವಿಭಜಿತ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ದೊರೆತ ಅಶೋಕನ ಶಾಸನಗಳು ಆ ಲಿಪಿಯಲ್ಲಿಯೇ ಇವೆ. ದಾವಣಗೆರೆಯು ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ತನಕ ಇದೇ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಅಶೋಕನ ಬ್ರಾಹ್ಮಿಯಲ್ಲಿ ಎಕಾರಕ್ಕೆ ತ್ರಿಕೋಣಾಕಾರದ ಒಂದೇ ಅಕ್ಷರ. ಹ್ರಸ್ವವೊಂದು, ದೀರ್ಘವೊಂದು ಎಂಬ ಭೇದ ಅಲ್ಲಿಲ್ಲ. ಆ ಲಿಪಿ ಯಾವ ಭಾಷೆಗಳಿಗಾಗಿ ಬಳಕೆಯಲ್ಲಿತ್ತೋ ಅವುಗಳಿಗೆ ಅದರ ಅವಶ್ಯಕತೆ ತೋರಿರಲಿಲ್ಲ. ಸಂಸ್ಕೃತದಲ್ಲಿ ಏ, ಓಗಳು ಸದಾ ದೀರ್ಘವೇ. ಸಾಮವೇದದ ಕೆಲವು ಶಾಖೆಯವರು ಅರ್ಧ ಎಕಾರ, ಅರ್ಧ ಒಕಾರಗಳನ್ನು ಉಚ್ಚರಿಸುತ್ತಿದ್ದರೆಂದು ಪತಂಜಲಿಯ ಮಹಾಭಾಷ್ಯದಲ್ಲಿ ಪ್ರಸ್ತಾಪವಿದೆಯಾದರೂ ಅದು ವೇದಪಾಠಕ್ಕೆ ಸೀಮಿತವಾದ ವಿಶೇಷವೇ ಹೊರತು ಭಾಷೆಯ ಸಾಮಾನ್ಯ ನಿಯಮವಲ್ಲ.

ಕನ್ನಡಕ್ಕಾದರೋ ಎರಡು ಎಕಾರಗಳೂ ಎರಡು ಒಕಾರಗಳೂ ಅನಿವಾರ್ಯ. ಕೆಡು ಎಂಬುದು ಕ್ರಿಯೆ, ಕೇಡು ಎಂಬುದು ಅದರ ಫಲ. ಕೊಡು ಎಂದರೆ ನೀಡು, ಕೋಡು ಎಂದರೆ ಕೊಂಬು. ಹೀಗಿದ್ದರೂ ಕ್ರಿ. ಶ. ಸುಮಾರು ೪೫೦ರ ಹಲ್ಮಿಡಿ ಶಾಸನದ ಕಾಲದಿಂದ ಮೊದಲ್ಗೊಂಡು ಶತಮಾನಗಳ ಕಾಲ ನಮ್ಮ ಲಿಪಿಕಾರರು ಈ ಹ್ರಸ್ವದೀರ್ಘಗಳಿಗೆ ಒಂದೇ ಚಿಹ್ನೆಯನ್ನು ಬಳಸುತ್ತ ಬಂದರು. ಹರಿಹರದ ಹರಿಹರೇಶ್ವರ ದೇವಾಲಯವನ್ನು ೧೨೨೪ರ ಸುಮಾರಿನಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಆತನ ಹೆಸರಿನ ಮೊದಲ ಅಕ್ಷರ ಹ್ರಸ್ವವೋ ದೀರ್ಘವೋ ಎಂಬುದನ್ನು ಕೇವಲ ಲಿಪಿಯ ಬಲದಿಂದ ನಿರ್ಣಯಿಸಲು ಬಾರದು. ಬಿ. ಎಲ್. ರೈಸರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಶಾಸನಗಳೊಡನೆ ಅಚ್ಚಾಗಿವೆ. ಅವುಗಳ ಮೂಲವನ್ನು ಓದುವವನು 'ಕೆ' ಎಂಬ ರೂಪ ಕಂಡಲ್ಲೆಲ್ಲ ಅದು ಕೆಯೋ ಕೇಯೋ ಎಂದು ತಾನೇ ತೀರ್ಮಾನಿಸಿಕೊಳ್ಳಬೇಕು. ಹಾಗೆ ತೀರ್ಮಾನಿಸಲು ಅವನಿಗಿರುವ ಆಧಾರಗಳು ಎರಡು: ತನಗೆ ತಿಳಿದ ಕನ್ನಡ, ಮತ್ತು ಪದ್ಯವಾದರೆ ಛಂದಸ್ಸು. ಕಂದಪದ್ಯದಲ್ಲಿ ಲಘು ಬರಬೇಕಾದೆಡೆ ಹ್ರಸ್ವ, ಗುರು ಬರಬೇಕಾದೆಡೆ ದೀರ್ಘ. ಲಿಪಿಕಾರನ ಕೈ ತೋರಿಸದ ಭೇದವನ್ನು ಕವಿಯ ಕಿವಿ ಎಂದೂ ಬಿಟ್ಟುಕೊಟ್ಟಿರಲಿಲ್ಲ.

ವೈಯಾಕರಣರಿಗೂ ಇದು ತಿಳಿದಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹ್ರಸ್ವ ಎಕಾರ ಒಕಾರಗಳನ್ನು ಱ, ೞ, ಳಗಳೊಡನೆ ಸೇರಿಸಿ ದೇಶೀಯ ಅಕ್ಷರಗಳೆಂದು ಎಣಿಸಿದ್ದಾನೆ. ಎಂದರೆ, ಸಂಸ್ಕೃತದ ವರ್ಣಮಾಲೆಯಿಂದ ಬಾರದೆ ಕನ್ನಡದಲ್ಲಿಯೇ ಹುಟ್ಟಿದ ಧ್ವನಿಗಳ ಪಂಕ್ತಿಯಲ್ಲಿ ಇವೆರಡಕ್ಕೂ ಸ್ಥಾನ ದೊರೆತಿತ್ತು. ನೆರೆಯ ತಮಿಳಿನಲ್ಲಿಯೂ ಇದೇ ತೊಡಕಿತ್ತು. ತೊಲ್ಕಾಪ್ಪಿಯಮ್ ಹ್ರಸ್ವ ಎ, ಒಗಳ ಮೇಲೆ ಚುಕ್ಕೆಯಿಡಬೇಕೆಂದು ವಿಧಿಸಿತು. ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಪಾದ್ರಿ ಬೆಸ್ಕಿಯವರು ದೀರ್ಘಕ್ಕೆ ಬೇರೆ ರೂಪವನ್ನು ಬಳಕೆಗೆ ತಂದರು. ಕನ್ನಡದಲ್ಲಿ ದೀರ್ಘದ ಚಿಹ್ನೆಯನ್ನು ತಪ್ಪದೆ ಹಚ್ಚುವುದು ನಿಯಮವಾಗಿ ನೆಲೆಗೊಂಡದ್ದು ಅಚ್ಚಿನ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಎ ಮತ್ತು ಏಗಳು ಎರಡು ಪ್ರತ್ಯೇಕ ಅಕ್ಷರಗಳಾಗಿ ಒಂದರ ಹಿಂದೆ ಒಂದು ನಿಂತಿವೆ.

ಈ ಚರಿತ್ರೆಯನ್ನು ಇಲ್ಲಿ ಹೇಳಿದ್ದು ಪಾಂಡಿತ್ಯಕ್ಕಾಗಿ ಅಲ್ಲ. ಸಾವಿರ ವರ್ಷಕ್ಕೂ ಮಿಗಿಲಾಗಿ ಕನ್ನಡವನ್ನು ಓದಿದವರು ಮೊದಲು ಪದವನ್ನು ಗುರುತಿಸಿ, ಅದರಿಂದ ಸ್ವರದ ಹ್ರಸ್ವದೀರ್ಘವನ್ನು ತಿಳಿಯುತ್ತಿದ್ದರು. ದೀರ್ಘದ ಚಿಹ್ನೆ ನೆಲೆಗೊಂಡದ್ದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಬಿಟ್ಟು ಹಿಂದಕ್ಕೆ ಹೋಗಬೇಕೆಂದು ಯಾರೂ ಹೇಳಲಾರರು. ಆದರೆ ಆ ಲಾಭದ ಜೊತೆಗೆ ಒಂದು ಭ್ರಮೆಯೂ ಬಂದಿತು. ಚಿಹ್ನೆಯನ್ನು ತೋರಿಸಿದರೆ ಧ್ವನಿಯು ತಾನಾಗಿ ತಿಳಿದೀತೆಂಬುದೇ ಆ ಭ್ರಮೆ. ನಮ್ಮ ಬಾಲಪಾಠಗಳು ಈ ಭ್ರಮೆಯ ಮೇಲೆ ನಿಂತಿವೆ.

೩

ಪಾಠಕ್ರಮವನ್ನು ವಿಮರ್ಶಿಸುವ ಮುನ್ನ ಈ ಸೀಮೆಯ ಮಾತನ್ನು ಸ್ವಲ್ಪ ನೋಡಬೇಕು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಗುವ ವರೆಗೆ ಹರಿಹರದ ಬಳಿ ತುಂಗಭದ್ರೆಯೇ ಮೈಸೂರಿಗೂ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೂ ಎಲ್ಲೆಯಾಗಿತ್ತು. ಆಡಳಿತಕ್ಕೆ ಎಲ್ಲೆಯಾದ ಹೊಳೆ ಮಾತಿಗೆ ಎಲ್ಲೆಯಾಗಿರಲಿಲ್ಲ. ದಾವಣಗೆರೆಯ ಹತ್ತಿಯ ಗಿರಣಿಗಳೂ ಮಾರುಕಟ್ಟೆಯೂ ಎರಡು ದಡಗಳ ಜನರನ್ನೂ ಸೆಳೆದವು. ನಿಟ್ಟುವಳ್ಳಿಯ ಹೆಸರಿನಲ್ಲಿ ಹಳ್ಳಿ ಉಳಿದುಕೊಂಡಿದೆ, ಅದೂ ಪಳ್ಳಿಯ ಪಕಾರವು ವಕಾರವಾದ ಹಳೆಯ ಆದೇಶಸಂಧಿಯ ರೂಪದಲ್ಲಿ; ಇಂದಾದರೋ ಅದು ದಾವಣಗೆರೆ ನಗರದ ಒಂದು ಬಡಾವಣೆ. ಅಂಥ ಬಡಾವಣೆಯ ಒಂದನೆಯ ತರಗತಿಯಲ್ಲಿ ಕೂಡುವ ಮಕ್ಕಳ ಮನೆಮಾತು ಹಲವು ಬಗೆ. ಕನ್ನಡವೇ ಮನೆಮಾತಾದವರಲ್ಲಿಯೂ ಒಂದೇ ಕನ್ನಡವಿಲ್ಲ. ಉರ್ದು ಮನೆಮಾತಾದ ಮಗುವಿಗೆ ಎ-ಏಗಳಿಂದ ಅರ್ಥ ಬೇರೆಯಾಗುವುದೇ ಹೊಸ ಸಂಗತಿ.

ಇಲ್ಲಿಯ ಅನೇಕ ಮನೆಗಳಲ್ಲಿ ಪದಾಂತ್ಯದ ಹ್ರಸ್ವ ಎಕಾರವು ಇಕಾರವಾಗುತ್ತದೆ. ಮನೆ ಎಂಬುದು ಮನಿ, ಎಲೆ ಎಂಬುದು ಎಲಿ, ಶಾಲೆ ಎಂಬುದು ಶಾಲಿ. ದೀರ್ಘ ಏಕಾರವಾದರೋ ಮುಂದೆ ಅಕಾರವೋ ಎಕಾರವೋ ಬಂದಾಗ ಬಾಯಿ ತೆರೆದು ಯಾ ಎಂಬಂತಾಗುತ್ತದೆ: ಬೇಡ ಬ್ಯಾಡ, ಬೇಳೆ ಬ್ಯಾಳಿ. ಓಕಾರಕ್ಕೂ ಇದೇ ಗತಿ: ದೋಸೆ ದ್ವಾಸಿ. ಮುಂದೆ ಇಕಾರ ಉಕಾರಗಳಿದ್ದರೆ ಈ ಬದಲಾವಣೆ ಇಲ್ಲ: ಕೇಳು, ಬೇರು, ಕೋಳಿಗಳು ಹಾಗೆಯೇ ಉಳಿಯುತ್ತವೆ. ನಗರಕ್ಕೆ ಪ್ರಸಿದ್ಧಿ ತಂದಿರುವ ಬೆಣ್ಣೆ ದೋಸೆಯ ಹೆಸರಿನಲ್ಲಿಯೇ ಈ ಮೂರು ಸಂಗತಿಗಳೂ ಕೂಡಿವೆ. ಬೆಣ್ಣೆಯ ಮೊದಲ ಎಕಾರವು ಎಲ್ಲರ ಬಾಯಲ್ಲಿಯೂ ಉಳಿಯುತ್ತದೆ. ಎರಡು ಪದಗಳ ಕೊನೆಯ ಎಕಾರವು ಕೆಲವರ ಬಾಯಲ್ಲಿ ಇಕಾರವಾಗುತ್ತದೆ. ನಡುವಿನ ಓಕಾರವು ವಾ ಆಗುತ್ತದೆ.

ಮೂರನೆಯ ಒಂದು ಅಂಶವೂ ಉಂಟು. ಪದಾದಿಯ ಎಕಾರಕ್ಕೆ ಯಕಾರದ ಸೋಂಕು ತಗಲಿ ಎಲ್ಲಿ ಎಂಬುದು ಯೆಲ್ಲಿ ಎಂದೂ, ಒಂದು ಎಂಬುದು ವೊಂದು ಎಂದೂ ಕೇಳುತ್ತದೆ. ಇದು ಈ ಸೀಮೆಗೆ ಮಾತ್ರ ಸೇರಿದ್ದಲ್ಲ, ಕನ್ನಡಕ್ಕೆಲ್ಲ ಸಾಮಾನ್ಯ. ವಿಜಯನಗರ ಕಾಲದ ಮತ್ತು ಅನಂತರದ ಶಾಸನಗಳಲ್ಲಿ ಯೆರಡು, ವೊಂದು, ಯೀ ಎಂಬ ಬರಹಗಳು ಹೇರಳವಾಗಿ ಸಿಗುತ್ತವೆ. ಲಿಪಿಕಾರನು ಕೇಳಿದಂತೆ ಬರೆದನು. ಇಂದು ಯೆಲಿ ಎಂದು ಬರೆಯುವ ಮಗುವೂ ಮಾಡುವುದು ಅದನ್ನೇ. ಶಾಸನದಲ್ಲಿ ಕಂಡಾಗ ಭಾಷೆಯ ಇತಿಹಾಸಕ್ಕೆ ಸಾಕ್ಷಿಯೆಂದು ನಾವು ಗುರುತು ಹಾಕಿಕೊಳ್ಳುವ ರೂಪವೇ ಮಗುವಿನ ಹಲಗೆಯಲ್ಲಿ ಕಂಡಾಗ ಅಜ್ಞಾನವೆನಿಸಿಕೊಳ್ಳುವುದು ವಿಚಿತ್ರ.

ಇದರಿಂದ ಹೊರಡುವ ಮುಖ್ಯ ನಿರ್ಣಯವೊಂದಿದೆ. ಬೆಳೆ ಮತ್ತು ಬೇಳೆ ಎಂಬ ಜೋಡಿಯನ್ನು ತೆಗೆದುಕೊಳ್ಳೋಣ. ಹೊಲದಲ್ಲಿರುವುದು ಬೆಳೆ, ಅಡಿಗೆಮನೆಯಲ್ಲಿರುವುದು ಬೇಳೆ. ಪುಸ್ತಕದ ಪ್ರಕಾರ ಇವುಗಳ ನಡುವಿನ ಭೇದ ಒಂದು ಮಾತ್ರೆಯದು. ಈ ಸೀಮೆಯ ಮಗುವಿನ ಬಾಯಲ್ಲಾದರೋ ಒಂದು ಬೆಳಿ, ಇನ್ನೊಂದು ಬ್ಯಾಳಿ. ಅದರ ಕಿವಿಗೆ ಇವೆರಡು ಎಷ್ಟು ದೂರದ ಪದಗಳೆಂದರೆ ಗೊಂದಲಕ್ಕೆ ಅವಕಾಶವೇ ಇಲ್ಲ. ಪುಸ್ತಕವು ಹೇಳುವುದಕ್ಕಿಂತ ಹೆಚ್ಚಿನ ಭೇದವನ್ನೇ ಮಗು ಮಾಡುತ್ತಿದೆ. ಇಷ್ಟಿದ್ದೂ ಶಾಲೆಯಲ್ಲಿ ಅದು ಬೆ-ಬೇಗಳ ಭೇದ ತಿಳಿಯದ ಮಗುವೆನಿಸಿಕೊಂಡರೆ ದೋಷವಿರುವುದು ಮಗುವಿನ ಮಾತಿಗೂ ಪುಸ್ತಕದ ಚಿಹ್ನೆಗೂ ನಡುವೆ ಸೇತುವೆ ಕಟ್ಟದ ಬೋಧನಕ್ರಮದಲ್ಲಿ.

೪

ಇನ್ನು ಬೋಧನಕ್ರಮದ ವಿಚಾರ. ಪರಂಪರೆಯಿಂದ ಬಂದ ಕ್ರಮ ಕಾಗುಣಿತದ್ದು. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿಮೂರು ಸ್ವರಗಳನ್ನು ಕೂಡಿಸಿದರೆ ೪೪೨ ರೂಪಗಳಾಗುತ್ತವೆ. ಅವುಗಳಲ್ಲಿ ಎ, ಏ, ಒ, ಓಗಳ ಪಾಲು ೧೩೬. ಇವನ್ನು ಮಕ್ಕಳು ಗುಂಪಾಗಿ, ರಾಗವಾಗಿ ಒಪ್ಪಿಸುತ್ತಾರೆ. ಈ ಕ್ರಮವನ್ನು ಹಗುರವಾಗಿ ಕಾಣಬಾರದು. ರೂಪಗಳ ವ್ಯವಸ್ಥೆಯನ್ನು ಒಂದೇ ನೋಟಕ್ಕೆ ತೋರಿಸುವ ಗುಣ ಅದಕ್ಕಿದೆ. ಹಳೆಯ ಕೂಲಿಮಠಗಳಲ್ಲಿ ಮರಳಿನ ಮೇಲೆ ತೀಡಿಸಿದ ಅಕ್ಷರ ಜೀವಮಾನವೆಲ್ಲ ಮಾಸದೆ ಉಳಿದುದೂ ನಿಜ. ಆದರೆ ಹ್ರಸ್ವದ ವಿಷಯದಲ್ಲಿ ಈ ಕ್ರಮಕ್ಕೆ ಹುಟ್ಟಿನಿಂದಲೇ ಬಂದ ಒಂದು ಕುಂದಿದೆ. ನಲವತ್ತು ಮಕ್ಕಳು ಒಟ್ಟಾಗಿ 'ಕೆ' ಎಂದು ಹಾಡಿದಾಗ ಅದು ಹ್ರಸ್ವವಾಗಿ ಉಳಿಯುವುದೇ ಇಲ್ಲ. ರಾಗಕ್ಕೆ ನಿಲುಗಡೆ ಬೇಕು, ನಿಲುಗಡೆಗೆ ಸ್ವರ ಎಳೆಯಬೇಕು, ಎಳೆದರೆ ಕೆ ಎಂಬುದು ಕೇ ಆಗುತ್ತದೆ. ಮರುಕ್ಷಣ 'ಕೇ' ಎಂಬ ನಿಜವಾದ ದೀರ್ಘವು ಬರುತ್ತದೆ. ಅದನ್ನು ಇನ್ನಷ್ಟು ಎಳೆಯಬೇಕಾಗುತ್ತದೆ. ಮಗು ಕೇಳುವುದು ದೀರ್ಘವನ್ನೂ ಅತಿದೀರ್ಘವನ್ನೂ. ಹ್ರಸ್ವವನ್ನು ಕಲಿಸುವ ಪಾಠದಲ್ಲಿ ಹ್ರಸ್ವವೇ ಕಿವಿಗೆ ಬೀಳುವುದಿಲ್ಲ.

ಎರಡನೆಯದು ಚಿತ್ರಗಳ ಕ್ರಮ. ಅಕ್ಷರದ ಪಕ್ಕದಲ್ಲಿ ಚಿತ್ರ, ಚಿತ್ರದ ಕೆಳಗೆ ಪದ. ಎಕಾರಕ್ಕೆ ಸಾಮಾನ್ಯವಾಗಿ ಎಲೆ, ಎಮ್ಮೆ ಅಥವಾ ಎತ್ತು. ಒಂಟಿ ಅಕ್ಷರಕ್ಕಿಂತ ಪದವು ಮೇಲೆಂಬುದು ನಮ್ಮ ವಾದವೇ ಆದುದರಿಂದ ಈ ಕ್ರಮವನ್ನು ನಾವು ಸ್ವಾಗತಿಸಬೇಕು. ಆದರೆ ಆ ಪದಗಳನ್ನು ಗಮನವಿಟ್ಟು ನೋಡಿದರೆ ಒಂದು ಅಸಂಗತಿ ಕಾಣುತ್ತದೆ. ಎಲೆ ಎಂಬಲ್ಲಿ ಹ್ರಸ್ವ ಎಕಾರಗಳು ಎರಡಿವೆ. ಮೊದಲನೆಯದು ಪೂರ್ಣಾಕ್ಷರವಾಗಿ ಬಂದಿದೆ. ಎರಡನೆಯದು ಲಕಾರದ ಮೇಲೆ ಎತ್ವವಾಗಿ ಕುಳಿತಿದೆ. ಎಮ್ಮೆಯಲ್ಲಿಯೂ ಹೀಗೆಯೇ. ಪಾಠವು ಮೊದಲನೆಯದನ್ನು ಮಾತ್ರ ತೋರಿಸಿ ಎರಡನೆಯದರ ಬಗೆಗೆ ಸುಮ್ಮನಿರುತ್ತದೆ. ಎತ್ವವು ಬರುವುದು ಬಹಳ ಕಾ���ದ ಮೇಲೆ, ಗುಣಿತಾಕ್ಷರಗಳ ಸರದಿ ಬಂದಾಗ. ಒಂದೇ ಧ್ವನಿಯ ಎರಡು ರೂಪಗಳು ಒಂದೇ ಪದದಲ್ಲಿ ಎದುರಿಗಿದ್ದರೂ ಅವು ಒಂದೇ ಎಂದು ಮಗುವಿಗೆ ಹೇಳುವವರಿಲ್ಲ. ಮೇಲಾಗಿ ಎಲೆಯನ್ನು ಎಲಿ ಎನ್ನುವ ಮಗುವಿಗೆ ಅವು ಒಂದೇ ಧ್ವನಿಯೂ ಅಲ್ಲ. ಕನ್ನಡ ಬರವಣಿಗೆಯಲ್ಲಿ ಪದಾದಿಯ ಎಕಾರಕ್ಕಿಂತ ಪದದ ಒಳಗೂ ಕೊನೆಯಲ್ಲಿಯೂ ಬರುವ ಎತ್ವವೇ ಹೆಚ್ಚು. ಮನೆ, ಕೆರೆ, ಶಾಲೆ, ಊರಿಗೆ, ಆದರೆ ಎಂಬಂಥ ಪದಗಳಿಲ್ಲದೆ ಒಂದು ಪುಟ ಸಾಗದು. ಹೆಚ್ಚು ಬೇಕಾದುದನ್ನು ತಡವಾಗಿ ಕಲಿಸಿ, ಕಡಮೆ ಬೇಕಾದುದಕ್ಕೆ ಚಿತ್ರ ಬರೆಯುವುದು ಯಾವ ನ್ಯಾಯ?

ಮೂರನೆಯದು ಅಕ್ಷರಗಳ ಅನುಕ್ರಮವನ್ನು ಬದಲಿಸಿದ ಪ್ರಯತ್ನ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯು ವರ್ಣಮಾಲೆಯ ಸಾಲನ್ನು ಮುರಿದು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗುತ್ತದೆ. ಬರೆಯಲು ಸುಲಭವಾದ, ಬೇಗನೆ ಪದಗಳನ್ನು ಕಟ್ಟಲು ಬರುವ ಅಕ್ಷರಗಳು ಮೊದಲು ಬರುತ್ತವೆ. ವರ್ಣಮಾಲೆಯ ಅನುಕ್ರಮವು ವೈಯಾಕರಣರ ವ್ಯವಸ್ಥೆ, ಕಲಿಯುವ ಮಗುವಿಗೆ ಅದು ಕಟ್ಟುಪಾಡಲ್ಲ ಎಂಬುದನ್ನು ಒಪ್ಪಿದ ಈ ಹೆಜ್ಜೆ ಮಹತ್ತ್ವದ್ದು. ಆದರೂ ಹ್ರಸ್ವದೀರ್ಘಗಳನ್ನು ಎದುರುಬದುರಾಗಿ ನಿಲ್ಲಿಸಿ ಕಲಿಸಬೇಕೆಂಬ, ಸೀಮೆಯ ಮಾತಿಗೆ ತಕ್ಕಂತೆ ಪದಗಳನ್ನು ಆರಿಸಬೇಕೆಂಬ ಪ್ರಶ್ನೆಗಳು ಅನುಕ್ರಮದ ಬದಲಾವಣೆಯೊಂದರಿಂದಲೇ ಬಗೆಹರಿಯುವುದಿಲ್ಲ.

ಇದೆಲ್ಲದರ ಮೇಲೆ ಇಂಗ್ಲಿಷಿನ ಪ್ರಭಾವವೂ ಸೇರಿದೆ. ಇಂಗ್ಲಿಷ್ ವರ್ಣಮಾಲೆಯ ಮೊದಲ ಅಕ್ಷರದ ಹೆಸರನ್ನು ನಾವು ಬಾಯಲ್ಲಿ ದೀರ್ಘವಾಗಿ ಹೇಳಿದರೂ ಬರೆಯುವಾಗ ಎ ಎಂದೇ ಬರೆಯುತ್ತೇವೆ. ಎಂ.ಎ. ಎಂಬ ಪದವಿಯ ಹೆಸರಿನಲ್ಲಿ ಮೊದಲನೆಯ ಎಕಾರ ನಿಜವಾಗಿ ಹ್ರಸ್ವ, ಎರಡನೆಯದು ಉಚ್ಚಾರದಲ್ಲಿ ದೀರ್ಘ. ಬರಹದಲ್ಲಿ ಎರಡೂ ಒಂದೇ. ಎ.ಪಿ.ಎಂ.ಸಿ. ಎಂಬ ಫಲಕವನ್ನು ನಿತ್ಯವೂ ಕಾಣುವ ಮಗು 'ಎ' ಎಂಬ ಅಕ್ಷರವನ್ನು ಏ ಎಂದು ಓದಿದರೆ ಅದಕ್ಕೆ ನಾವೇ ಆಧಾರ ಒದಗಿಸಿದ್ದೇವೆ.

೫

ಕನ್ನಡ ಮಕ್ಕಳ ಓದಿನ ಬಗೆಗೆ ಈಚಿನ ದಶಕಗಳಲ್ಲಿ ನಡೆದ ಅಧ್ಯಯನಗಳೂ ಈ ವಿಚಾರಕ್ಕೆ ಬೆಳಕು ಕೊಡುತ್ತವೆ. ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕನ್ನಡದ ಅಕ್ಷರಜ್ಞಾನವು ಮೊದಲ ವರ್ಷದಲ್ಲಿಯೇ ಮುಗಿದುಹೋಗುವುದಲ್ಲ. ನಾಲ್ಕನೆಯ ತರಗತಿಯವರೆಗೂ ಅದು ಬೆಳೆಯುತ್ತಲೇ ಇರುತ್ತದೆ. ಗುಣಿತಾಕ್ಷರವನ್ನು ವ್ಯಂಜನವೆಂದೂ ಸ್ವರವೆಂದೂ ಒಡೆದು ತಿಳಿಯುವ ಶಕ್ತಿ ಮಗುವಿಗೆ ಮೆಲ್ಲಮೆಲ್ಲನೆ ಬರುತ್ತದೆ. ಇದರ ಅರ್ಥವೇನು? 'ಕೆ' ಎಂಬುದನ್ನು ಮಗು ಮೊದಲು ಇಡಿಯಾಗಿ ಗ್ರಹಿಸುತ್ತದೆ. ಅದರೊಳಗಿನ ಎಕಾರವನ್ನು ಬೇರ್ಪಡಿಸಿ ನೋಡುವುದು ಆಮೇಲಿನ ಮಾತು. ಹಾಗಿರುವಾಗ ಬೇರ್ಪಡಿಸಿದ ಎಕಾರದಿಂದ ಪಾಠವನ್ನು ತೊಡಗುವುದು ಮಗುವಿನ ಗ್ರಹಣಕ್ರಮಕ್ಕೆ ವಿರುದ್ಧ.

ಮೇಲಿನ ವಿಮರ್ಶೆಯಿಂದ ಹೊರಡುವ ಸೂಚನೆಗಳನ್ನು ಸಂಗ್ರಹವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಹ್ರಸ್ವದೀರ್ಘಗಳ ಪಾಠ ಬಾಯಿಮಾತಿನಲ್ಲಿ ತೊಡಗಲಿ. ಪದಗಳ ಜೋಡಿಯಿಂದ ತೊಡಗಲಿ. ಕೊಡು-ಕೋಡು, ತೊಡು-ತೋಡು, ಕೆಡು-ಕೇಡು ಎಂಬಂಥ ಜೋಡಿಗಳಲ್ಲಿ ಮುಂದೆ ಉಕಾರವಿರುವುದರಿಂದ ಇಲ್ಲಿಯ ಆಡುಮಾತಿನಲ್ಲಿಯೂ ಸ್ವರ ಬದಲಾಗುವುದಿಲ್ಲ. ಮನೆಯ ಮಾತೂ ಪುಸ್ತಕದ ಮಾತೂ ಒಂದೇ ಆಗಿರುವ ಈ ಎಡೆಯೇ ಆರಂಭಕ್ಕೆ ಯೋಗ್ಯ. ಬೆಳೆ-ಬೇಳೆ, ಬೆರೆ-ಬೇರೆ ಎಂಬ ಜೋಡಿಗಳು ಎರಡನೆಯ ಹಂತಕ್ಕೆ ಬರಲಿ.

ಎರಡನೆಯದಾಗಿ, ಮಾತ್ರೆಯ ಎಣಿಕೆಯನ್ನು ಕೈತಾಳದಿಂದ ತೋರಿಸಬಹುದು. ಕೊಡು ಎಂಬುದಕ್ಕೆ ಎರಡು ಮಾತ್ರೆ, ಕೋಡು ಎಂಬುದಕ್ಕೆ ಮೂರು. ಲಘು ಗುರುಗಳನ್ನು ನಾವು ಪ್ರೌಢಶಾಲೆಯಲ್ಲಿ ಪ್ರಸ್ತಾರದ ಗೆರೆಗಳಾಗಿ ಕಲಿಸುತ್ತೇವೆ. ಆರು ವರ್ಷದ ಮಗುವಿಗೆ ಅವು ಚಪ್ಪಾಳೆಯಾಗಿ ಸುಲಭವಾಗಿ ತಿಳಿಯುತ್ತವೆ. ಹಿಂದೆ ಲಿಪಿಯ ಕೊರತೆಯನ್ನು ತುಂಬಿದ ಛಂದಸ್ಸು ಇಂದು ಪಾಠದ ಕೊರತೆಯನ್ನೂ ತುಂಬಬಲ್ಲುದು.

ಮೂರನೆಯದಾಗಿ, ಚಿಹ್ನೆಯನ್ನು ಕಲಿಸುವಾಗ ಲಿಪಿಯಲ್ಲಿಯೇ ಇರುವ ಅನುಕೂಲವನ್ನು ಬಳಸಿಕೊಳ್ಳಬೇಕು. ಕಿ-ಕೀ, ಕೆ-ಕೇ, ಕೊ-ಕೋ ಎಂಬ ಮೂರು ಜೋಡಿಗಳಲ್ಲಿ ದೀರ್ಘದ ಗುರುತು ಒಂದೇ. ಹ್ರಸ್ವದ ಬಲಕ್ಕೆ ಅದನ್ನು ಹಚ್ಚಿದರೆ ಸಾಕು. ಕಾಗುಣಿತದ ಸಾಲಿನಲ್ಲಿ ಕೀ ಒಂದೆಡೆ, ಕೇ ಇನ್ನೊಂದೆಡೆ, ಕೋ ಮತ್ತೊಂದೆಡೆ ಬರುವುದರಿಂದ ಈ ಸಾಮ್ಯ ಮರೆಯಾಗುತ್ತದೆ. ಮೂರನ್ನೂ ಒಂದೇ ದಿನ ಅಕ್ಕಪಕ್ಕದಲ್ಲಿ ತೋರಿಸಿದರೆ ಮಗುವಿಗೆ ಒಂದು ನಿಯಮದಿಂದ ಮೂರು ಫಲ ದೊರೆಯುತ್ತದೆ. ಕೊ ಎಂಬ ರೂಪದ ಬಗೆಗೆ ಮಾತ್ರ ಎಚ್ಚರಬೇಕು. ಅದರಲ್ಲಿ ಎತ್ವದೊಡನೆ ಕೂಕಾರದ ಗುರುತೂ ಕೂಡಿರುವುದರಿಂದ, ಹ್ರಸ್ವಾಕ್ಷರವೊಂದರಲ್ಲಿ ದೀರ್ಘದ ಅಂಗವನ್ನು ಕಂಡು ಮಗು ತಡವರಿಸುವುದುಂಟು.

ನಾಲ್ಕನೆಯದಾಗಿ, ಪದಾಂತ್ಯದ ಎಕಾರವನ್ನು ಪ್ರತ್ಯೇಕ ಪಾಠವನ್ನಾಗಿ ಎತ್ತಿಕೊಳ್ಳಬೇಕು. ಮರಿ-ಮರೆ, ಕರಿ-ಕರೆ, ನರಿ-ನರೆ ಎಂಬವು ಇಲ್ಲಿಯ ಕೆಲವು ಮಕ್ಕಳ ಬಾಯಲ್ಲಿ ಒಂದೇ ಆಗಿ ಕೇಳುತ್ತವೆ. ಬರಹದಲ್ಲಿ ಬೇರೆಯಾಗಿರುವುದರ ಪ್ರಯೋಜನವೇನೆಂದು ವಾಕ್ಯಗಳ ಮೂಲಕ ತೋರಿಸಿದಾಗ ಎತ್ವವು ಮಗುವಿಗೆ ಅರ್ಥವುಳ್ಳ ಗುರುತಾಗುತ್ತದೆ. ಅರ್ಥದಿಂದ ಕಲಿತದ್ದು ಅಷ್ಟು ಬೇಗ ಮರೆಯುವುದಿಲ್ಲ.

ಐದನೆಯದು ತಿದ್ದುವಿಕೆಯ ವಿಷಯ. ಮಗು ಪುಸ್ತಕದಲ್ಲಿ 'ಮನೆ' ಎಂಬುದನ್ನು ನೋಡಿ ಮನಿ ಎಂದು ಗಟ್ಟಿಯಾಗಿ ಓದಿದರೆ ಅದು ತಪ್ಪು ಓದಲ್ಲ. ಅಕ್ಷರದಿಂದ ಪದಕ್ಕೆ, ಪದದಿಂದ ಅರ್ಥಕ್ಕೆ ಅದು ತಲಪಿದೆ. ಓದು ಎಂದರೆ ಅದೇ. ಬರೆಯುವಾಗ ಮಾತ್ರ ಮನೆ ಎಂದು ಬರೆಯುವುದನ್ನು ಕಲಿಯಬೇಕು. ಓದಿನ ಅಳತೆಯನ್ನೂ ಬರವಣಿಗೆಯ ಅಳತೆಯನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ಅರ್ಧದಷ್ಟು ಅನ್ಯಾಯ ತಾನಾಗಿ ನಿಲ್ಲುತ್ತದೆ.

೬

ಈ ಸೂಚನೆಗಳಿಗೆ ಬರಬಹುದಾದ ಆಕ್ಷೇಪಗಳನ್ನೂ ನೋಡಬೇಕು. ತಲೆಮಾರುಗಳು ಕಾಗುಣಿತದಿಂದಲೇ ಓದು ಕಲಿತಿರುವಾಗ ಹೊಸ ಏರ್ಪಾಡು ಏತಕ್ಕೆ ಎಂಬುದು ಮೊದಲ ಆಕ್ಷೇಪ. ಕಲಿತವರು ಕಲಿತರೆಂಬುದು ನಿಜ. ಅವರಲ್ಲಿ ಅನೇಕರ ಮನೆಗಳಲ್ಲಿ ಕಾವ್ಯವಾಚನವಿತ್ತು, ಪುರಾಣಶ್ರವಣವಿತ್ತು. ಗ್ರಂಥಭಾಷೆಯ ಹ್ರಸ್ವದೀರ್ಘಗಳು ಅಕ್ಷರಕ್ಕೆ ಮುಂಚೆಯೇ ಕಿವಿಗೆ ಬಿದ್ದಿದ್ದವು. ಕಾಗುಣಿತವು ತಿಳಿದ ಧ್ವನಿಗೆ ಗುರುತು ಹಚ್ಚುವ ಕೆಲಸವನ್ನಷ್ಟೇ ಮಾಡಿತು. ಕಲಿಯದೆ ಬಿಟ್ಟುಹೋದವರ ಲೆಕ್ಕವನ್ನು ಆ ಕ್ರಮವು ಎಂದೂ ಇಡಲಿಲ್ಲ. ಇಂದು ಶಾಲೆಗೆ ಬರುವವರು ಎಲ್ಲ ಮನೆಗಳ ಮಕ್ಕಳು. ಎಲ್ಲರಿಗಾಗಿ ತೆರೆದ ಶಾಲೆಗೆ ಕೆಲವರಿಗಾಗಿ ಹುಟ್ಟಿದ ಕ್ರಮ ಸಾಲದು.

ಸೀಮೆಯ ಮಾತಿಗೆ ಮನ್ನಣೆ ಕೊಟ್ಟರೆ ಗ್ರಂಥಭಾಷೆ ಒಡೆದುಹೋದೀತೆಂಬುದು ಎರಡನೆಯ ಆಕ್ಷೇಪ. ಏಕೀಕರಣದ ಅನಂತರ ಹೊಳೆಯ ಎರಡು ದಡಗಳಿಗೂ ಒಂದೇ ಪಠ್ಯಪುಸ್ತಕ ಬಂದಿತು. ಆ ಏಕತೆಯ ಬೆಲೆ ನಮಗೆ ಗೊತ್ತು. ನಾವು ಕೇಳುತ್ತಿರುವುದು ಮನಿ ಎಂಬುದನ್ನು ಪುಸ್ತಕದಲ್ಲಿ ಅಚ್ಚು ಹಾಕಬೇಕೆಂದಲ್ಲ. ಮನಿಯಿಂದ ಮನೆಗೆ ಹೋಗುವ ದಾರಿಯನ್ನು ಶಾಲೆ ತೋರಿಸಬೇಕೆಂದು. ಬರೆದಂತೆ ಆಡುವವರು ಯಾವ ಸೀಮೆಯಲ್ಲಿಯೂ ಇಲ್ಲ. ಕುಳಿತುಕೊ ಎಂಬುದನ್ನು ಕೂತ್ಕೊ ಎನ್ನುವ ಮೈಸೂರಿನ ಮಗುವೂ ಈ ದಾರಿಯನ್ನು ನಡೆಯಲೇಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಶಾಲೆಗಳಲ್ಲಿ ಮರಾಠಿಯ ಬದಲು ಕನ್ನಡ ನಡೆಯಬೇಕೆಂದು ಡೆಪ್ಯುಟಿ ಚೆನ್ನಬಸಪ್ಪನವರು ದುಡಿದಾಗ ಅವರಿಗೆ ಆಧಾರವಾಗಿದ್ದ ತತ್ತ್ವವೂ ಇದೇ: ಮಗುವಿಗೆ ತಿಳಿದ ಮಾತಿನಿಂದ ವಿದ್ಯೆ ತೊಡಗಬೇಕು. ಆ ತತ್ತ್ವವನ್ನು ಭಾಷೆಗೆ ಒಪ್ಪಿದವರು ಸ್ವರಕ್ಕೆ ಒಪ್ಪದಿರಲು ಕಾರಣ ಕಾಣುವುದಿಲ್ಲ.

ಲಿಪಿಯನ್ನೇ ಸರಳಗೊಳಿಸಿದರೆ ಈ ತೊಡಕುಗಳು ತೀರುವುದಿಲ್ಲವೇ ಎಂಬುದು ಮೂರನೆಯ ಪ್ರಶ್ನೆ. ಡಿ. ಎನ್. ಶಂಕರ ಭಟ್ಟರು ಮಹಾಪ್ರಾಣಗಳೇ ಮೊದಲಾಗಿ ಕನ್ನಡದ ಉಚ್ಚಾರದಲ್ಲಿ ಉಳಿಯದ ಅಕ್ಷರಗಳನ್ನು ಬಿಡಬೇಕೆಂದು ವಾದಿಸಿದರು. ಆ ಚರ್ಚೆಯ ಗುಣದೋಷಗಳು ಏನೇ ಇರಲಿ, ಅದು ಲಿಪಿಯಲ್ಲಿದ್ದು ಮಾತಿನಲ್ಲಿಲ್ಲದ ಭೇದಗಳ ಚರ್ಚೆ. ಎ-ಏಗಳದು ಮಾತಿನಲ್ಲಿದ್ದು ಲಿಪಿಗೆ ತಡವಾಗಿ ಬಂದ ಭೇದ. ಇಲ್ಲಿ ಬಿಡಬೇಕಾದ ಅಕ್ಷರವಿಲ್ಲ. ಸರಿಯಾಗಿ ಕಲಿಸಬೇಕಾದ ಅಕ್ಷರವಿದೆ.

ಈ ಕೆಲಸದಲ್ಲಿ ಕಾಲೇಜಿನ ಅಧ್ಯಾಪಕರಿಗೂ ಪಾಲಿದೆ ಎಂಬುದು ನಮ್ಮ ಕೊನೆಯ ಮಾತು. ಯಾವ ಸೀಮೆಯಲ್ಲಿ ಯಾವ ಸ್ವರ ಹೇಗೆ ಬದಲಾಗುತ್ತದೆಂಬುದನ್ನು ಶಾಲೆಯ ಉಪಾಧ್ಯಾಯರು ಒಬ್ಬೊಬ್ಬರೇ ಕಂಡುಕೊಳ್ಳಬೇಕೆಂದು ಅಪೇಕ್ಷಿಸುವುದು ಸರಿಯಲ್ಲ. ಅದು ಭಾಷೆಯನ್ನೂ ಶಾಸನಗಳನ್ನೂ ಓದುವವರ ಕೆಲಸ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಎಕಾರ ಒಕಾರಗಳ ಪದಪಟ್ಟಿಯೊಂದನ್ನು ಸಿದ್ಧಪಡಿಸಿ ಉಪಾಧ್ಯಾಯರ ಕೈಗೆ ಕೊಟ್ಟರೆ ಅದೇ ದೊಡ್ಡ ನೆರವಾದೀತು. ಪಟ್ಟಿಯನ್ನು ಊರಿನ ಹೆಸರಿನಿಂದಲೇ ತೊಡಗಬಹುದು. ದಾವಣಗೆರೆ ಎಂಬಲ್ಲಿ ಕೊನೆಯ ಎರಡು ಅಕ್ಷರಗಳಿಗೂ ಎತ್ವವಿದೆ. ಮೊದಲನೆಯದನ್ನು ಎಳೆದು ಎರಡನೆಯದನ್ನು ಇಕಾರ ಮಾಡಿದರೆ ಕೆರೆ ಹೋಗಿ ಕೇರಿಯಾಗುತ್ತದೆ. ನೀರಿರುವ ಕೆರೆಗೂ ಮನೆಗಳಿರುವ ಕೇರಿಗೂ ಇರುವ ಅಂತರ ಈ ಊರಿನ ಯಾವ ಮಗುವಿಗೆ ತಿಳಿಯದು? ತಿಳಿದ ಆ ಅಂತರವನ್ನು ಅಕ್ಷರದಲ್ಲಿ ಗುರುತಿಸುವುದನ್ನಷ್ಟೇ ನಾವು ಅದಕ್ಕೆ ಕಲಿಸಬೇಕಾಗಿದೆ.